ಮೊಳೆಯಿಲ್ಲದ ಅಡ್ಡಣಿಗೆ

ಎಣ್ಣೆ ಎಲ್ಲ ಕಡೆ ಇಳಿಯಿತು, ಒಂದು ಕಡೆ ಮಾತ್ರ ಇಳಿಯಲಿಲ್ಲ. ಮರುಳಸಿದ್ದಯ್ಯ ಬಟ್ಟೆಯ ಚೂರನ್ನು ಮತ್ತೆ ಕೊಬ್ಬರಿ ಎಣ್ಣೆಗೆ ಅದ್ದಿ, ಅಡ್ಡಣಿಗೆಯ ಕಾಲಿನ ಮೇಲೆ ಸಾಸಿವೆ ಕಾಳಿನಷ್ಟಿದ್ದ ಆ ಜಾಗವನ್ನೇ ಹಿಡಿದು ಉಜ್ಜಿದ. ಸುತ್ತಲಿನ ಹಲಸಿನ ಮರ ಎಣ್ಣೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಆ ಚುಕ್ಕೆ ಮಾತ್ರ ಬಿಳಿಚಿಕೊಂಡೇ ಉಳಿಯಿತು. ಗಂಟಿರಬೇಕು, ಮರ ಅಂದ ಮೇಲೆ ಗಂಟಿಲ್ಲದೆ ಇರುತ್ತದೆಯೇ, ಅಂದುಕೊಂಡ. ಗಂಟು ಕಪ್ಪಗಿರುತ್ತದೆಯೇ ಹೊರತು ಬೆಳ್ಳಗಿರುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದನ್ನು ಗೊತ್ತಿಲ್ಲವೆನ್ನುವಂತೆ ಕೂರುವುದು ಈಚೆಗೆ ಅವನಿಗೆ ಚೆನ್ನಾಗಿ ರೂಢಿಯಾಗಿತ್ತು. ಒಳಗೆ ಅಡಿಗೆಮನೆಯಲ್ಲಿ ಹೋಳಿಗೆಗೆ ಕಾಯಿ ರುಬ್ಬುವ ಸದ್ದು. ಶ್ರಾವಣದ ಸೋಮವಾರ, ಮಧ್ಯಾಹ್ನ ಮನೆಗುರುಗಳಾದ ತೋಂಟದಾರ್ಯ ಅಯ್ಯನವರು ಪ್ರಸಾದಕ್ಕೆ ಬರುವವರಿದ್ದರು. ಅಯ್ಯನವರ ತಟ್ಟೆಯನ್ನು ನೆಲಕ್ಕಿಡುವ ಪದ್ಧತಿಯಿಲ್ಲ, ನಾಲ್ಕು ಕಾಲಿನ ಪುಟ್ಟ ಅಡ್ಡಣಿಗೆಯ ಮೇಲಿಟ್ಟೇ ಬಡಿಸಬೇಕು. ತಾತನ ಕಾಲದ್ದು ಹುಳು ತಿಂದು ಹೋಗಿತ್ತು. ಈ ಸಲ ನಾನು ಮಾಡಿದ್ದರ ಮೇಲೆ ಊಟ, ಒಂದು ಮೊಳೆಯೂ ಇಲ್ಲದ್ದು, ಎಂದು ಅವನು ಮನೆಯವರಿಗೆಲ್ಲ, ಕೊನೆಗೆ ಹೂವಿನವಳಿಗೂ ಸಾರಿಕೊಂಡು ಬಂದಿದ್ದ.

ಎಣ್ಣೆಬಟ್ಟೆ ಹಿಡಿದ ಬಲಗೈ ಸಣ್ಣಗೆ ನಡುಗುತ್ತಿತ್ತು. ಹೋದ ವರ್ಷ, ಜನತಾ ಸರ್ಕಾರ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಮೇಲೇಳಲಿಲ್ಲ. ತುಮಕೂರಿನ ಡಾಕ್ಟರು ಲಕ್ವದ ಸಣ್ಣ ಏಟು, ಇಷ್ಟಕ್ಕೇ ಹೋಯಿತಲ್ಲ, ನಿಮ್ಮ ಪುಣ್ಯ ಎಂದರು. ಬಾಯಿ ಸೊಟ್ಟಗಾಗಲಿಲ್ಲ, ಕಾಲು ಎಳೆಯಲಿಲ್ಲ, ಕೈಗೂ ಬಲ ಬಂತು. ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಮೇಷ್ಟ್ರಿಗೋ ಪೂಜಾರಿಗೋ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಕೊಬ್ಬರಿ ಮಂಡಿಯವನಿಗೆ ಬಾಯಿಗಿಂತ ಬೆರಳು ಮುಖ್ಯ. ತಿಪಟೂರಿನ ಮಾರುಕಟ್ಟೆಗೆ ಏನೇ ಟೆಂಡರು ಬಂದಿರಲಿ, ಹಳ್ಳಿಯ ಮನೆಗಳಲ್ಲಿ ಅಟ್ಟದ ಮೇಲಿನ ಕೊಬ್ಬರಿಯನ್ನು ಅಲ್ಲೇ ಕೊಳ್ಳುವಾಗಲೂ ತಮ್ಮ ಮಂಡಿಯ ಗಾದಿಯ ಮೇಲೂ ಇವರ ಮನೆಯವರು ಹಳೆಯ ಕ್ರಮ ಬಿಟ್ಟಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಸೇರಿಸಬೇಕು. ಹಿಡಿದ ಬೆರಳೇ ದರ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಕೈ ಬಿಟ್ಟ ಮೇಲೆ ಮಾತು ಹಿಂದಕ್ಕೆ ಹೋಗಬಾರದು. ಇಪ್ಪತ್ತೈದು ವರ್ಷ ಆ ಟವಲಿನ ಕೆಳಗೆ ಅವನ ಕೈ ರಾಜನ ಹಾಗೆ ಓಡಾಡಿತ್ತು. ಎದುರಿನವನ ಅಂಗೈ ಬೆವರಿದರೆ ಅವನಿಗೆ ಹಣದ ಅವಸರ, ತಣ್ಣಗಿದ್ದರೆ ಬೇರೆ ಗಿರಾಕಿ ಬಂದು ಹೋಗಿದ್ದಾನೆ, ಇದೆಲ್ಲ ಅವನಿಗೆ ಮುಖ ನೋಡದೆ ತಿಳಿಯುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಕಿಬ್ಬನಹಳ್ಳಿಯ ಕೆಂಚಪ್ಪನ ಮನೆಯ ಅಂಗಳದಲ್ಲಿ ಮೊದಲ ಸಲ ಕೈ ಕೊಟ್ಟಾಗ ಮೂರು ಬೆರಳು ಹಿಡಿಯಹೋದ, ನಾಲ್ಕನೆಯದೂ ಮಡಿಚಿಕೊಂಡಿತು. ಕೆಂಚಪ್ಪನ ಕಣ್ಣು ಅರಳಿದ್ದು ಕಾಣಿಸಿತು. ಬಿಡಿಸಿಕೊಂಡು ಸರಿಪಡಿಸುವುದರೊಳಗೆ ಅವನು ಟವಲು ಎಳೆದು ಹೆಗಲಿಗೆ ಹಾಕಿಕೊಂಡು, ಆಯ್ತು ಯಜಮಾನ್ರೇ, ಮಾತು ಮಾತೇ, ಎಂದುಬಿಟ್ಟ. ಪಕ್ಕದಲ್ಲಿದ್ದ ತಮ್ಮ ಕರಿಬಸವಯ್ಯ ದರ ಕೇಳಿ ಒಂದು ಕ್ಷಣ ಅಣ್ಣನ ಮುಖವನ್ನಲ್ಲ, ಕೈಯನ್ನು ನೋಡಿದ. ವಾಪಸು ಬರುವಾಗ ಬಸ್ಸು ನಿಂತಲ್ಲಿ ಇಳಿದು ಹೋಗಿ ಅಣ್ಣನಿಗೊಂದು ಸೋಡಾ ತಂದುಕೊಟ್ಟ. ಮಾರನೆಯ ದಿನ, ಇನ್ನು ಮಂಡಿಗೆಲ್ಲ ಬಂದು ಆಯಾಸ ಮಾಡ್ಕೋಬೇಡಣ್ಣ ಎಂದ. ಕೂಗಾಡಿದ್ದರೆ ತಿರುಗಿ ಕೂಗಾಡಬಹುದಿತ್ತು. ಆ ಮೆತ್ತಗಿನ ಮಾತನ್ನು ಎಲ್ಲಿ ಹಿಡಿದು ಜಗಳ ತೆಗೆಯಬೇಕೆಂದು ಅವನಿಗೆ ಈ ಹೊತ್ತಿಗೂ ತಿಳಿದಿರಲಿಲ್ಲ.

ಮರಗೆಲಸ ಅವನಿಗೆ ನೆನಪಾದದ್ದು ಹಾಗೆ ಮನೆಯಲ್ಲಿ ಕೂತು ಗೋಡೆ ನೋಡುವ ದಿನಗಳಲ್ಲಿ. ಮಿಡ್ಲ್ ಸ್ಕೂಲಿನಲ್ಲಿ ಕೈಕೆಲಸದ ಪೀರಿಯಡ್ ಇತ್ತು. ಎರಡು ಪಟ್ಟಿಗಳನ್ನು ಅರ್ಧರ್ಧ ಕೊಯ್ದು ಒಂದರ ಮೇಲೊಂದು ಕೂರಿಸುವುದನ್ನು ಅಲ್ಲಿ ಕಲಿತ ದಿನ ಅವನು ಅದನ್ನು ಮನೆಗೆ ತಂದು ಅಪ್ಪನ ಗಾದಿಯ ಮುಂದಿಟ್ಟಿದ್ದ. ನೋಡು, ಬಿಡಿಸು, ಬರಲ್ಲ, ಎಂದಿದ್ದ. ಅಪ್ಪ ಬಿಡಿಸಲು ನೋಡಲೂ ಇಲ್ಲ. ನಮ್ಮ ಮನೇಲಿ ಕೊಬ್ಬರಿ ತೂಗೋರು ಸಾಕು, ಆಚಾರಿಗಳು ಬ್ಯಾಡ, ಎಂದು ಅದನ್ನು ಬಚ್ಚಲೊಲೆಗೆ ಹಾಕಿಸಿದ. ಈಗ ನಲವತ್ತು ವರ್ಷ ಕಳೆದ ಮೇಲೆ ಉಳಿ ಹಿಡಿಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲಿ ಎಂದು ಅವನು ಒಳಗೊಳಗೇ ಕಾದಿದ್ದ. ಕರಿಬಸವಯ್ಯ ತಾನೇ ತುಮಕೂರಿಗೆ ಹೋಗಿ ಉಳಿ, ಕೊಡತಿ, ಗರಗಸ, ಮರ ನುಣುಪು ಮಾಡುವ ತೋಪಡ ಎಲ್ಲವನ್ನೂ ಹೊಸದಾಗಿ ತಂದು, ಮಗುವಿಗೆ ಜಾತ್ರೆಯ ಸಾಮಾನು ಕೊಟ್ಟಂತೆ ಅಣ್ಣನ ಮುಂದೆ ಹರಡಿದ. ಕಲಿಸುವುದಕ್ಕೆ ಬಡಗಿ ಖುದ್ದೂಸನನ್ನೂ ಗೊತ್ತು ಮಾಡಿದ. ಊರಿನವರು ಮಂಡಿ ಸಾವ್ಕಾರ್ರು ಬಾಗಿಲು ಮಾಡ್ಕೊಡ್ತಾರಂತೆ ಎಂದು ನಕ್ಕರು. ನಗಲಿ, ಎಂದುಕೊಂಡ ಮರುಳಸಿದ್ದಯ್ಯ. ಅವನು ಕಂಡುಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ: ಉಳಿಯ ಹಿಡಿಯನ್ನು ಬಿಗಿಯಾಗಿ ಹಿಡಿದಾಗ ಬೆರಳು ನಡುಗುತ್ತಿರಲಿಲ್ಲ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಯಾದ ನಾಲಗೆ. ನಾಲಗೆ ದಪ್ಪವಾದರೆ ಮರ ಸೀಳುತ್ತದೆ, ತೆಳುವಾದರೆ ಲೊಡಲೊಡ ಅನ್ನುತ್ತದೆ. ಎಷ್ಟೋ ಮರ ಸೀಳಿದ, ಎಷ್ಟೋ ಸಲ ಖುದ್ದೂಸ್ ಹಲ್ಲುಕಿರಿದು ಸೌದೆಗಾಯ್ತು ಬುಡಿ ಎಂದ. ಆಮೇಲೆ ಒಂದು ದಿನ ನಾಲಗೆ ತೂತಿಗೆ ಇಳಿಯುವಾಗ ಸಣ್ಣದಾಗಿ ಉಸಿರು ಕಟ್ಟಿದಂಥ ಸದ್ದು ಮಾಡಿ ಕೂತಿತು. ಅಡಿಗೆಮನೆಗೆ ಡಬ್ಬಿ ಇಡುವ ಗೂಡು ಮಾಡಿದ, ಹೆಂಡತಿಗೆ ಕೂರುವ ಸ್ಟೂಲು ಮಾಡಿದ. ಎಲ್ಲವೂ ನಿಂತವು. ಹಾಗೆ ನಿಂತದ್ದನ್ನು ನೋಡಿಯೇ ಅವನಿಗೆ ಧೈರ್ಯ ಬಂದದ್ದು. ಈ ಕೈ ಮರದಲ್ಲಿ ತಪ್ಪುವುದಿಲ್ಲವಾದರೆ ಟವಲಿನ ಕೆಳಗೂ ತಪ್ಪುವುದಿಲ್ಲ. ಇವತ್ತು ಅಯ್ಯನವರ ಊಟವಾಗಲಿ, ಅವರೆದುರಿಗೇ ತಮ್ಮನನ್ನು ಕೇಳಿಬಿಡುವುದು, ಬುಧವಾರದಿಂದ ಮಂಡಿಯಲ್ಲಿ ತನ್ನ ಗಾದಿಯ ಮೇಲೆ ತಾನು ಕೂರುವುದು. ಇಷ್ಟನ್ನು ಅವನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಆಡಿ ಆಡಿ ನುಣುಪು ಮಾಡಿ ಇಟ್ಟುಕೊಂಡಿದ್ದ.

ಗೋಣಿಚೀಲ ಹೊಲಿಯುವ ದಬ್ಬಳ ಜಗುಲಿಯ ಮಾಡದಲ್ಲಿತ್ತು. ಅದನ್ನು ತೆಗೆದುಕೊಳ್ಳಬಾರದು ಎಂದುಕೊಳ್ಳುತ್ತಲೇ ತೆಗೆದುಕೊಂಡ. ಚುಕ್ಕೆಯ ಮೇಲೆ ತುದಿಯಿಟ್ಟು ತಿರುಗಿಸಿದಾಗ ಮೊದಲು ಮರದ ಪುಡಿ ಬಂತು, ಆಮೇಲೆ ಅರಗು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು ಬಂತು. ಅಡ್ಡಣಿಗೆಯನ್ನು ತಿರುಗಿಸಿ ಇನ್ನೊಂದು ಕಾಲು ನೋಡಿದ. ಅಲ್ಲೂ ಇತ್ತು. ಮಿಕ್ಕ ಎರಡನ್ನೂ ನೋಡಿದ. ಅಚ್ಚುಕಟ್ಟಾಗಿ, ಹೊರಗಿನಿಂದ ನಾಲಗೆಯ ಮಧ್ಯಕ್ಕೆ, ತಲೆ ಒಳಗೆ ಹೋಗುವಂತೆ ಮೊಳೆ ಹೊಡೆದು ಮುಚ್ಚಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ಎದ್ದು ಅಡಿಗೆಮನೆಗೆ ಹೋದ. ಹೆಂಡತಿ ಸರ್ವಮಂಗಳ, ತಮ್ಮನ ಹೆಂಡತಿ ಇಬ್ಬರೂ ರುಬ್ಬುವ ಕಲ್ಲಿನ ಹತ್ತಿರ ಬಾಗಿದ್ದರು. ಸ್ಟೂಲನ್ನು ಬೋರಲು ಹಾಕಿ ಬೆಳಕಿಗೆ ಹಿಡಿದು ನೋಡಿದ, ಗೂಡಿನ ಮೂಲೆಗಳನ್ನು ಬೆರಳಿನಿಂದ ಸವರಿದ. ಅಲ್ಲೂ ಅವೇ ಚುಕ್ಕೆಗಳು. ಹುಡುಕುತ್ತೇನೆಂದು ಹೊರಟವನಿಗೆ ಸುಲಭವಾಗಿ ಸಿಕ್ಕುತ್ತವೆ. ಹುಡುಕದವನಿಗೆ ಕಣ್ಣೆದುರಿಗಿದ್ದರೂ ಇಲ್ಲ. ಸರ್ವಮಂಗಳ ತಲೆಯೆತ್ತಿ, ಏನು ಬೇಕಿತ್ತು ಎಂದಳು. ಏನೂ ಇಲ್ಲ ಎಂದು ದಬ್ಬಳವನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡು ಬೀದಿಗೆ ಇಳಿದ.

ಬೀದಿಯಲ್ಲಿ ಅಂಥ ವಿಶೇಷವೇನೂ ಇರಲಿಲ್ಲ, ಅದೇ ಅವನಿಗೆ ಅವಮಾನವೆನ್ನಿಸಿತು. ಚಿಕ್ಕನಾಯಕನಹಳ್ಳಿಯ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಗಾಡಿಯೊಂದರಿಂದ ಕಾಯಿ ಇಳಿಸುತ್ತಿದ್ದ ಬೋರಯ್ಯ ಕೈ ಮುಗಿದು, ಅಡ್ಡಣಿಗೆ ಬಲು ಚೆನ್ನಾಗದಂತೆ, ಮೊಳೇನೇ ಇಲ್ವಂತಲ್ಲ ಸಾಮಿ, ಎಂದ. ಇವನಿಗೂ ಗೊತ್ತೇನೋ, ಗೊತ್ತಿದ್ದೇ ಹೀಗೆ ಕೇಳುತ್ತಿದ್ದಾನೇನೋ ಎಂದು ಮರುಳಸಿದ್ದಯ್ಯ ಅವನ ಮುಖವನ್ನು ನೋಡುತ್ತ ನಿಂತುಬಿಟ್ಟ. ಬೋರಯ್ಯ ಗಾಬರಿಯಾಗಿ ಮತ್ತೊಮ್ಮೆ ಕೈ ಮುಗಿದ. ಇನ್ನು ಮೇಲೆ ಯಾರು ಹೊಗಳಿದರೂ ಹೀಗೆಯೇ ಎಂದುಕೊಂಡು ಹೆಜ್ಜೆ ಹಾಕಿದ. ಸ್ಟೂಲು ಖುದ್ದೂಸನ ಅಂಗಡಿಯಿಂದ ಮನೆಗೆ ಬಂದ ದಿನ ಮನೆಯವರೆಲ್ಲ ಸುತ್ತ ನಿಂತಿದ್ದರು. ಕರಿಬಸವಯ್ಯ ಅದರ ಮೇಲೆ ಹತ್ತಿ ನಿಂತು ಕುಣಿದೇ ಕುಣಿದ, ಅಳ್ಳಾಡ್ತಾನೇ ಇಲ್ಲ ಕಣಣ್ಣ ಎಂದ, ಎಲ್ಲರೂ ನಕ್ಕರು. ತಾನೂ ನಕ್ಕಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ ಎಂಬುದು ಈಗ ನೆನಪಾಗಿ, ನಡುಬೀದಿಯಲ್ಲಿ ಅವನ ಕಿವಿ ಬಿಸಿಯಾಯಿತು.

ಖುದ್ದೂಸ್ ಅಂಗಡಿಯ ಮುಂದೆ ಕಿಟಕಿಯ ಚೌಕಟ್ಟೊಂದನ್ನು ಬಿಗಿಯುತ್ತಿದ್ದ. ಬಾಯಿಬಡುಕ, ಮಾಡಿದ್ದಕ್ಕಿಂತ ಹೇಳಿಕೊಂಡದ್ದೇ ಹೆಚ್ಚು ಎಂದು ಅವನನ್ನು ಬಲ್ಲವರು ಅನ್ನುತ್ತಿದ್ದರು. ಮರುಳಸಿದ್ದಯ್ಯನ ಮನೆಯಲ್ಲಿ ಕೆಲಸ ಮುಗಿದ ಮೇಲೆ, ಮರ ಮೈ ಹೊಂದಲಿ ಎಂದು ಪ್ರತಿಯೊಂದನ್ನೂ ಹಗ್ಗ ಬಿಗಿದು ತನ್ನ ಅಂಗಡಿಗೆ ಎತ್ತಿಕೊಂಡು ಹೋಗಿ ಎರಡು ದಿನ ಇಟ್ಟುಕೊಳ್ಳುತ್ತಿದ್ದ. ಅದು ಕಸುಬಿನ ಕ್ರಮವೆಂದೇ ಶಿಷ್ಯ ತಿಳಿದಿದ್ದ. ಈಗ ಜೇಬಿನಿಂದ ದಬ್ಬಳ ತೆಗೆದು ತೋರಿಸಿ, ಎಲ್ಲ ಕಾಲಿಗೂ ಹೊಡೆದಿದೀಯ, ಎಂದಾಗ ಖುದ್ದೂಸ್ ನಾಚಲಿಲ್ಲ. ಒಂದು ಸುಳ್ಳನ್ನಾದರೂ ಹೇಳಿದ್ದರೆ ಸಮಾಧಾನವಾಗುತ್ತಿತ್ತು. ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿ, ಸಣ್ಣ ಯಜಮಾನರು ಹೇಳಿದ್ದರು, ಹೊಡೆದೆ ಎಂದ. ಮೊದಲು ಮಾಡಿದ ಗೂಡಿನಿಂದಲೂ ಹಾಗೇ ಅಂತೆ. ಪಾಪ, ಅವರೇನು ಕೆಟ್ಟದ್ದಕ್ಕೆ ಹೇಳಿದರೇ, ಅಯ್ಯನವರು ಉಣ್ಣುವಾಗ ಕಾಲು ಕಳಚಿಕೊಂಡರೆ ಯಾರ ಮರ್ಯಾದೆ ಹೋಗುವುದು ಎಂದು ತಿರುಗಿ ಇವನನ್ನೇ ಕೇಳಿದ.

"ಮೊಳೆ ಇಲ್ದಿದ್ರೆ ನಿಲ್ತಿತ್ತೋ ಇಲ್ವೋ? ಅದನ್ನ ಹೇಳು," ಎಂದ ಮರುಳಸಿದ್ದಯ್ಯ.

"ಯಾರಿಗ್ಗೊತ್ತು ಯಜಮಾನ್ರೇ. ನಾನು ನೋಡ್ಲೇ ಇಲ್ಲ. ತಂದ ತಕ್ಷಣ ಹೊಡ್ದುಬುಟ್ಟೆ."

"ಈಗ ಕಿತ್ತು ನೋಡಿದ್ರೆ?"

"ಕಿತ್ರೆ ನಾಲಗೆ ಸೀಳ್ತದೆ. ಆಮೇಲೆ ಬಿದ್ದೋದ್ರೆ ನಿಮ್ಮ ಕೆಲಸಕ್ಕೆ ಬಿತ್ತೋ, ನಾನು ಕಿತ್ತಿದ್ದಕ್ಕೆ ಬಿತ್ತೋ, ಅದೂ ಗೊತ್ತಾಗಲ್ಲ."

ಖುದ್ದೂಸ್ ಮತ್ತೆ ಚೌಕಟ್ಟಿನ ಕಡೆ ತಿರುಗಿದ. ಬೇಕಿದ್ದರೆ ಇನ್ನೊಂದು ಮಾಡಿ, ಆಣೆಗೂ ಮುಟ್ಟುವುದಿಲ್ಲ, ಎಂದು ಬೆನ್ನು ಹಾಕಿಯೇ ಹೇಳಿದ. ಮರುಳಸಿದ್ದಯ್ಯ ಅಲ್ಲೇ ನಿಂತಿದ್ದ. ಕೈಲಾಗದವನು ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರೆ ಅದೊಂದು ತೀರ್ಪಾಗುತ್ತಿತ್ತು, ಅಳಬಹುದಿತ್ತು, ಬಿಡಬಹುದಿತ್ತು. ಬಿದ್ದಿದ್ದರೂ ಬೀಳಲಿ, ಬಿದ್ದದ್ದು ಅವನದೇ ಆಗುತ್ತಿತ್ತು. ಇವರು ಬೀಳುತ್ತದೆಯೋ ಇಲ್ಲವೋ ಎಂದು ಕಾಯಲೂ ಇಲ್ಲ. ಆ ಉಸಿರು ಕಟ್ಟಿದಂಥ ಸದ್ದು ನಿಜವೋ ಸುಳ್ಳೋ, ಇನ್ನು ಸಾಯುವವರೆಗೂ ತಿಳಿಯುವ ಹಾಗಿಲ್ಲ. ಅವನಿಗೆ ತಮ್ಮನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ದಬ್ಬಳವನ್ನು ಹಿಡಿದ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಮನೆಗೆ ಬರುವ ಹೊತ್ತಿಗೆ ಸರ್ವಮಂಗಳ ಎಣ್ಣೆಬಟ್ಟೆಯನ್ನು ತೆಗೆದಿಟ್ಟು, ಅಡ್ಡಣಿಗೆಯನ್ನು ಒರೆಸಿ, ದಬ್ಬಳ ಕೆದಕಿದ ತೂತುಗಳ ಮೇಲೆ ವಿಭೂತಿ ಬಳಿಯುತ್ತಿದ್ದಳು. ಪ್ರತಿ ಕಾಲಿಗೂ ಮೂರು ಪಟ್ಟೆ. ಪೂಜೆಗೆ ಇಡುವ ಸಾಮಾನಿನ ಹಾಗೆ ಕಾಣುತ್ತಿತ್ತು, ಯಾರೂ ಅನುಮಾನಿಸುವಂತಿರಲಿಲ್ಲ. ನಿಂಗೂ ಗೊತ್ತಿತ್ತಾ ಎಂದು ಕೇಳಿದ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮದುವೆಯಾದಾಗಿನಿಂದ ಅವನಿಗೆ ಎದುರು ಮಾತಾಡಿದವಳಲ್ಲ. ಈಗಲೂ ದನಿ ಏರಿಸದೆ, ನೆಲ ನೋಡಿಕೊಂಡು ಹೇಳಿದಳು.

"ಆ ಗೂಡು ನಿಂತ ದಿನ ನೀವು ಹೊಟ್ಟೆ ತುಂಬ ಉಂಡು ಮಲಗಿದ್ರಿ. ನಂಗೆ ಅಷ್ಟು ಸಾಕಾಗಿತ್ತು ಕಣ್ರೀ. ಮೊಳೆ ಕಟ್ಟಿಕೊಂಡು ನಂಗೇನು?"

ಪ್ರೀತಿಯೇ ಇರಬೇಕು ಇದು, ಬೇರೆ ಹೆಸರೇನಿದೆ. ಮನೆಯವರೆಲ್ಲ ಸೇರಿ ಅವನನ್ನು ಪ್ರೀತಿಸಿ ಪ್ರೀತಿಸಿ ಹೂವಿನ ಬುಟ್ಟಿಯಲ್ಲಿಟ್ಟು ಅಟ್ಟಕ್ಕೆ ಏರಿಸಿಬಿಟ್ಟಿದ್ದರು. ಅವಳ ಮುಂದಲೆಯ ನರೆಕೂದಲಿಗೆ ಹೋಳಿಗೆಯ ಹಿಟ್ಟು ಅಂಟಿತ್ತು. ಅವಳನ್ನು ಬೈಯಬೇಕೆಂದು ಬಾಯಿ ತೆರೆದವನು, ಅಯ್ಯನವರು ಬಂದರೋ ಎಂದು ಕೇಳಿದ.

ಅಯ್ಯನವರು ಬಂದರು, ಪಾದ ತೊಳೆದಾಯಿತು, ಪೂಜೆಯಾಯಿತು. ಒಳಗಿನ ಪಡಸಾಲೆಯಲ್ಲಿ ಅವರಿಗೆ ಅಡ್ಡಣಿಗೆಯ ಮೇಲೆ ತಟ್ಟೆ, ಎದುರು ಸಾಲಿನಲ್ಲಿ ಅಣ್ಣತಮ್ಮಂದಿರಿಗೆ. ಅಯ್ಯನವರಿಗೆ ವಯಸ್ಸಾಗಿತ್ತು, ಊಟವೆಂದರೆ ಸಂತೋಷ. ಕೂರುವ ಮೊದಲು ಅಡ್ಡಣಿಗೆಯನ್ನು ಎರಡು ಕೈಯಲ್ಲೂ ಒತ್ತಿ ನೋಡಿ, ಒಳ್ಳೆ ಕಲ್ಲು ನಿಂತಂಗೆ ನಿಂತದೆ ಕಣಪ್ಪ, ಎಂದರು. ಒಂದೂ ಮೊಳೆ ಹೊಡೆದಿಲ್ಲವಂತೆ, ಹೌದೇ ಎಂದು ಮರುಳಸಿದ್ದಯ್ಯನನ್ನು ಕೇಳಿದರು. ಬಡಿಸುತ್ತಿದ್ದ ಸರ್ವಮಂಗಳ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಕರಿಬಸವಯ್ಯ ತನ್ನ ತಟ್ಟೆಯ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದ. ಅವನ ಹಣೆ ಬೆವರಿದ್ದು ಕಾಣುತ್ತಿತ್ತು. ಎದುರಿನವನ ಬೆವರು ನೋಡಿ ದರ ಹೇಳುವುದನ್ನು ಮರುಳಸಿದ್ದಯ್ಯ ಇನ್ನೂ ಮರೆತಿರಲಿಲ್ಲ. ಹೌದು ಎನ್ನಬಹುದು, ಇಲ್ಲ ಎನ್ನಬಹುದು, ತಟ್ಟೆಯೆತ್ತಿ ಅಡ್ಡಣಿಗೆಯನ್ನು ಮಗುಚಿ ಹಾಕಿ ಎಲ್ಲರಿಗೂ ತೋರಿಸಬಹುದು. ತಮ್ಮ ಹೆದರಿಕೊಂಡಿದ್ದಾನೆ, ಒಂದು ವರ್ಷದಲ್ಲಿ ಇದೇ ಮೊದಲ ಸಲ ತನಗೆ ಹೆದರಿಕೊಂಡಿದ್ದಾನೆ ಎಂದು ತಿಳಿದಾಗ ಒಳಗೆ ಹಳೆಯ ವ್ಯಾಪಾರಿ ಎದ್ದು ಕೂತ.

"ನಾನು ಹೊಡೆದಿಲ್ಲ ಬುದ್ಧಿ," ಎಂದ. ಆಮೇಲೆ, ಅದೇ ಉಸಿರಿನಲ್ಲಿ, "ಕೈ ಸರಿಹೋಯ್ತು. ಬುಧವಾರದಿಂದ ಮಂಡಿಗೆ ಹೋಗಣ ಅಂತಿದೀನಿ. ತಮ್ಮ ಒಪ್ಪಬೇಕು."

ಅಯ್ಯನವರು ಒಪ್ಪದೆ ಏನು, ಇಂಥ ಕೈ ಮನೆಯಲ್ಲಿ ಕೂರುತ್ತದೆಯೇ ಎಂದು ತಮ್ಮನ ಕಡೆ ನೋಡಿದರು. ಇಲ್ಲವೆನ್ನಬೇಕಾದರೆ ಕರಿಬಸವಯ್ಯ ಮೊಳೆಯ ವಿಷಯ ಹೇಳಬೇಕು, ಅಯ್ಯನವರ ತಟ್ಟೆಯ ಕೆಳಗಿನ ಸುಳ್ಳನ್ನು ತಾನೇ ಬಿಚ್ಚಬೇಕು. ಅವನು ಒದ್ದಾಡುತ್ತಾನೆ, ತೊದಲುತ್ತಾನೆ, ಅದನ್ನು ಕಣ್ಣು ತುಂಬ ನೋಡಬೇಕು ಎಂದು ಮರುಳಸಿದ್ದಯ್ಯ ಕಾದ. ಕರಿಬಸವಯ್ಯ ಒದ್ದಾಡಲಿಲ್ಲ. ಹಣೆಯ ಬೆವರನ್ನು ಒರೆಸಿಕೊಂಡು, ಭಾರ ಇಳಿದವನಂತೆ ನಕ್ಕ.

"ಬಾಣ್ಣ. ಬ್ಯಾಡ ಅಂದೋರ್ಯಾರು? ಗುಮಾಸ್ತೆ ರಂಗಪ್ಪನ್ನ ನಿನ್ನ ಪಕ್ಕದಲ್ಲೇ ಕೂರಿಸ್ತೀನಿ. ಟವಲ್ ಕೆಳಗೆ ಅವನು ಕೈ ಕೊಡ್ತಾನೆ, ನೀನು ಸುಮ್ನೆ ಗಾದಿ ಮೇಲೆ ಕೂತಿದ್ರೆ ಸಾಕು. ನೀನು ಕೂತಿದ್ರೆ ಮಂಡಿಗೇ ಒಂದು ಕಳೆ."

ಅಯ್ಯನವರು ತಲೆದೂಗಿದರು. ಎಷ್ಟು ಬೇಗ ಹೇಳಿದ, ಎಷ್ಟು ಸಲೀಸಾಗಿ, ಎಷ್ಟೋ ದಿನದ ಹಿಂದೆಯೇ ಯೋಚಿಸಿಟ್ಟುಕೊಂಡವನ ಹಾಗೆ. ರಂಗಪ್ಪ ಎಲ್ಲಿ ಕೂರುತ್ತಾನೆ, ಹೇಗೆ ತನ್ನ ತೋಳಿನ ಪಕ್ಕದಿಂದ ಕೈ ಚಾಚುತ್ತಾನೆ, ಬಂದವರು ತನಗೆ ನಮಸ್ಕಾರ ಮಾಡಿ ಹೇಗೆ ರಂಗಪ್ಪನ ಕಡೆ ತಿರುಗುತ್ತಾರೆ ಎಲ್ಲವೂ ಮರುಳಸಿದ್ದಯ್ಯನಿಗೆ ಅಲ್ಲಿಯೇ ಕಂಡಿತು. ಬೇಡ ಎನ್ನಬೇಕಿತ್ತು. ಅಂಥ ಗಾದಿ ನನಗೆ ಬೇಡ, ಮನೆಯಲ್ಲೇ ಬಿದ್ದಿರುತ್ತೇನೆ ಎನ್ನಬೇಕಿತ್ತು. ಬುಧವಾರ ಬೆಳಿಗ್ಗೆ ಮಡಿಪಂಚೆಯುಟ್ಟು ಪೇಟೆಬೀದಿಯಲ್ಲಿ ನಡೆದುಹೋಗುವುದು, ಕೊಬ್ಬರಿಯ ಆ ಕಮಟು ವಾಸನೆ, ಚೀಲ ಹೊರುವವರು ದಾರಿ ಬಿಡುವುದು ನೆನಪಾದವು. ಹಸಿದವನಿಗೆ ಅನ್ನ ಕಂಡ ಹಾಗೆ ಅವನ ಬಾಯಲ್ಲಿ ನೀರೂರಿತು. ಆಗ್ಲಿ, ಎಂದ. ಸಂತೋಷವೂ ಆಯಿತು. ಆ ಸಂತೋಷಕ್ಕೆ ಅವನು ಅಸಹ್ಯಪಟ್ಟುಕೊಂಡ, ಆದರೂ ಅದು ಹೋಗಲಿಲ್ಲ.

ಸರ್ವಮಂಗಳ ಹೋಳಿಗೆ ಬಡಿಸುತ್ತ ಬಂದಳು. ಅಯ್ಯನವರಿಗೆ ಎರಡು, ಕರಿಬಸವಯ್ಯನಿಗೆ ಎರಡು, ದುಂಡಗೆ, ಬಿಸಿಬಿಸಿಯಾಗಿ, ಮೇಲೆ ತುಪ್ಪ. ಅವನ ತಟ್ಟೆಗೆ ಬಂದಾಗ ಬೇರೆ ಬಟ್ಟಲಿನಿಂದ ಬಡಿಸಿದಳು. ಮೊದಲೇ ಮುರಿದು, ಬೆರಳಿಗೆ ಸುಲಭವಾಗಿ ಸಿಕ್ಕುವಂತೆ ಸಣ್ಣ ಸಣ್ಣ ತುಂಡು ಮಾಡಿ ಇಟ್ಟದ್ದು. ಅವನು ತಮ್ಮನ ತಟ್ಟೆ ನೋಡಿದ, ತನ್ನದು ನೋಡಿದ. ಯಾವಾಗಿನಿಂದ ಹೀಗೆ ಬಡಿಸುತ್ತಿದ್ದಾಳೆ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವಳು ತುಪ್ಪ ಹಾಕುತ್ತ, ಸಾಕಾ ಎಂದಳು. ಇನ್ನೊಂದಿಷ್ಟು ಹಾಕು ಎಂದು ಅವನು ತುಂಡುಗಳನ್ನು ಒಂದೊಂದಾಗಿ ಎತ್ತಿಕೊಂಡು ತಿಂದ.